ಒಣಮೈಯ ಆರೈಕೆ



ಬಳ್ಳಾರಿಯ ಸೀಮೆಯಲ್ಲಿ ಮಾಗಿಯ ಒಣಗಾಳಿಯೂ ಬೇಸಗೆಯ ಬಿಸಿಲೂ ಮೈಚರ್ಮದ ತೇವವನ್ನು ಹೀರುವುವು. ಸಿರುಗುಪ್ಪದ ಬತ್ತದ ಗದ್ದೆಗಳ ಕೆಸರಿನಲ್ಲಿ ನಿಂತು ದುಡಿಯುವವರ ಕಾಲೂ ಒರಟಾಗಿಯೇ ಇರುವುದು. ನೀರಿನಲ್ಲಿ ನೆನೆದ ಚರ್ಮವು ಒಣಗುವುದೇಕೆ?

ಚರ್ಮದ ಹೊರಪದರವು ಇಟ್ಟಿಗೆಯ ಗೋಡೆಯಂತಿದೆ. ಕೋಶಗಳೇ ಇಟ್ಟಿಗೆ, ಅವುಗಳ ನಡುವಣ ಜಿಡ್ಡೇ ಗಾರೆ. ಪದೇ ಪದೇ ನೆನೆಯುವುದರಿಂದಲೂ ಸಾಬೂನಿನ ಕ್ಷಾರದಿಂದಲೂ ಈ ಗಾರೆ ಸಡಿಲವಾದರೆ ಒಳಗಿನ ತೇವವು ಆವಿಯಾಗಿ ಹೋಗುವುದು. ಒರಟಾದ ಮೈಯನ್ನು ಕಲ್ಲಿನಿಂದ ಬಲವಾಗಿ ತಿಕ್ಕುವುದೆಂದರೆ ಬಿರುಕುಬಿಟ್ಟ ಗೋಡೆಯನ್ನು ಮತ್ತಷ್ಟು ಕೆಡಹಿದಂತೆಯೇ ಸರಿ.

ಸುಡುನೀರನ್ನು ಬಿಟ್ಟು ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷದೊಳಗೆ ಸ್ನಾನವನ್ನು ಮುಗಿಸತಕ್ಕದ್ದು. ಸಾಬೂನನ್ನು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಬಳಸಿದರೆ ಸಾಕು. ಮೈಯನ್ನು ಉಜ್ಜದೆ ಮೆಲ್ಲನೆ ಒತ್ತಿ ಒರಸಿ, ತೇವವಾರುವ ಮೊದಲೇ ಕೊಬ್ಬರಿ ಎಣ್ಣೆಯನ್ನಾಗಲಿ ವ್ಯಾಸಲೀನನ್ನಾಗಲಿ ತೆಳುವಾಗಿ ಸವರಬೇಕು. ಎಣ್ಣೆ ಹಚ್ಚಿ ಸೀಗೆಪುಡಿಯಿಂದ ತೊಳೆಯುವ ಅಭ್ಯಂಜನವಿದ್ದರೂ ಸ್ನಾನಾನಂತರದ ಈ ಲೇಪವನ್ನು ಬಿಡಲಾಗದು.

ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಬರಿಗಾಲಿನಲ್ಲಿ ನಡೆಯುವ ಭಕ್ತರು ಹಿಮ್ಮಡಿಯ ಬಿರುಕನ್ನು ಅಲಕ್ಷಿಸಬಾರದು, ಬ್ಲೇಡಿನಿಂದ ಹೆರೆಯಲೂಬಾರದು. ಮಧುಮೇಹವುಳ್ಳ ಕೆಲವರಿಗೆ ಪಾದದ ಸ್ಪರ್ಶಜ್ಞಾನವು ಕುಗ್ಗಿ ನೋವೇ ತಿಳಿಯದು. ಅಂಥವರಲ್ಲಿ ಸಣ್ಣ ಬಿರುಕು ಹುಣ್ಣಾಗಿ, ಕಾಲನ್ನೇ ಕಳೆದುಕೊಳ್ಳುವ ಪ್ರಸಂಗವೂ ಬರಬಹುದು. ಕೀವು, ಬಾವು ಅಥವಾ ಸ್ಪರ್ಶವರಿಯದ ಮಚ್ಚೆ ಕಂಡರೆ ಎಣ್ಣೆಯನ್ನು ನಂಬಿ ಕೂರದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಮುಖವನ್ನು ದಿನವೂ ಕನ್ನಡಿಯಲ್ಲಿ ನೋಡುವ ನಾವು, ಮಲಗುವ ಮುನ್ನ ನಮ್ಮನ್ನು ಹೊತ್ತು ನಡೆದ ಅಂಗಾಲನ್ನೂ ಒಮ್ಮೆ ನೋಡುವುದು ಲೇಸು.