ರಾತ್ರಿಯ ಬಂಡಿ ಊಟ: ಏನನ್ನು ನೋಡಿ ತಿನ್ನಬೇಕು?

ತರಾವೀಹ್ ಮುಗಿಸಿ ಮಸೀದಿಯಿಂದ ಹೊರಬಿದ್ದವರು ನೇರ ಮನೆಗೆ ಹೋಗುವುದು ಕಡಿಮೆ. ಹುಮನಾಬಾದಾಗಲಿ, ಬಸವಕಲ್ಯಾಣವಾಗಲಿ, ರಮಝಾನಿನಲ್ಲಿ ಸೀಖ್ ಕಬಾಬಿನ ಹೊಗೆ ಏಳುವುದೇ ಆ ಹೊತ್ತಿಗೆ. ಉಳಿದ ಹನ್ನೊಂದು ತಿಂಗಳೂ ನಮ್ಮದು ಬೇಗ ಮಲಗುವ ಊರಲ್ಲ. ಪುಣೆ–ಹೈದರಾಬಾದ್ ಹೆದ್ದಾರಿಯೂ ಬೀದರ್–ಕಲಬುರಗಿ ರಸ್ತೆಯೂ ಇಲ್ಲಿ ಕೂಡುವುದರಿಂದ ಲಾರಿಯವರು, ರಾತ್ರಿ ಬಸ್ಸಿನವರು ಇಳಿದು ಉಣ್ಣುತ್ತಾರೆ. ಮಲೇಷ್ಯಾದ ಕೌಲಾಲಂಪುರದಲ್ಲಿ ತಮಿಳು ಮುಸ್ಲಿಮರ 'ಮಾಮಕ್' ಅಂಗಡಿಗಳು ಬೆಳಗಿನವರೆಗೂ ರೋಟಿ, ಚಹಾ ಮಾರುತ್ತವೆ. ಹಸಿದು ಬಂದವನಿಗೆ ಅಪರಾತ್ರಿಯಲ್ಲಿ ಅನ್ನ ಕೊಡುವ ಕಸುಬು ಎಲ್ಲಿದ್ದರೂ ಗೌರವದ್ದೇ.

ಆದ್ದರಿಂದ ಹೊರಗಿನದನ್ನು ತಿನ್ನಲೇಬೇಡಿ ಎಂದು ನಾನು ಬರೆಯುವುದಿಲ್ಲ. ಬರೆದರೆ ಯಾರೂ ಕೇಳುವುದೂ ಇಲ್ಲ. ಈ ಪತ್ರಿಕೆ ಓದುವ ಎಷ್ಟೋ ಮನೆಗಳ ಒಲೆ ಉರಿಯುವುದು ಬಂಡಿಯ ದುಡಿಮೆಯಿಂದ. ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಎಂಬುದಷ್ಟೇ ಇಲ್ಲಿಯ ಮಾತು.

ಹೊಟ್ಟೆ ಕೆಟ್ಟು ಬಂದವರು ಸಾಮಾನ್ಯವಾಗಿ, "ಹಕೀಂ ಸಾಹೇಬ್, ಮಸಾಲೆ ಜಾಸ್ತಿಯಾಯಿತು, ಗರ್ಮಿ ಆಗಿದೆ" ಎನ್ನುತ್ತಾರೆ. ಖಾರದಿಂದ ಎದೆ ಉರಿಯುವುದು ನಿಜ. ಆದರೆ ವಾಂತಿ ಭೇದಿಗೆ ಹೆಚ್ಚಿನ ಸಲ ಕಾರಣ ಮಸಾಲೆಯಲ್ಲ, ಗಡಿಯಾರ. ಬೇಯಿಸಿದ ಪದಾರ್ಥ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ, ಅಂದರೆ ಉಗುರುಬೆಚ್ಚಗೆ ಕುಳಿತಷ್ಟು ಹೊತ್ತೂ ಅದರಲ್ಲಿ ರೋಗಾಣು ಬೆಳೆಯುತ್ತದೆ. ಹಾಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಸರ್ ಹೊತ್ತಿಗೆ ಬೇಯಿಸಿದ್ದನ್ನು ರಾತ್ರಿ ಹನ್ನೊಂದಕ್ಕೆ ತಿಂದರೆ ಎಷ್ಟು ತಾಸಾಯಿತು, ನೀವೇ ಎಣಿಸಿ.

ಈ ಲೆಕ್ಕದಲ್ಲಿ ಹಲೀಮಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಗೋಧಿ, ಬೇಳೆ, ಮಾಂಸವನ್ನು ತಾಸುಗಟ್ಟಲೆ ಕುದಿಸಿ ಅರೆದ ಪದಾರ್ಥ ಅದು. ದೇಗಿನ ಕೆಳಗೆ ಬೆಂಕಿಯಿದ್ದು, ಸೌಟು ಹಾಕಿದಾಗ ಆವಿ ಎದ್ದರೆ ಧೈರ್ಯವಾಗಿ ತಿನ್ನಿ. ಕೆಂಡದ ಮೇಲಿಂದ ನೇರ ತಟ್ಟೆಗೆ ಬಂದ, ಒಳಗೂ ಬೆಂದ ಕಬಾಬಿಗೂ ಇದೇ ಮಾತು. ನಾನು ಹೆದರುವುದು ಅನ್ನಕ್ಕೆ. ತಹಾರಿ, ಬಿರಿಯಾನಿ, ಫ್ರೈಡ್ ರೈಸ್, ಯಾವುದೇ ಇರಲಿ, ಅಕ್ಕಿಯಲ್ಲಿರುವ ಒಂದು ಜಾತಿಯ ರೋಗಾಣುವಿನ ಬೀಜಕ ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಳಿತಾಗ ಅದು ಚಿಗುರಿ ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು, ಒಂದರಿಂದ ಆರು ತಾಸಿನಲ್ಲಿ ವಾಂತಿ ತರಿಸುತ್ತದೆ. ದೊಡ್ಡ ಹಂಡೆಯ ಸಾಲನ್‌ನಲ್ಲಿ ಇನ್ನೊಂದು ಬಗೆ ಬೆಳೆಯುತ್ತದೆ. ಅದು ಆರರಿಂದ 24 ತಾಸಿನೊಳಗೆ ಹೊಟ್ಟೆ ನುಲಿದು ಭೇದಿ ಮಾಡಿಸುತ್ತದೆ. ಹೀಗಾಗಿ ರಾತ್ರಿ ತಿಂದದ್ದರ ಫಲ ಮರುದಿನ ಮಧ್ಯಾಹ್ನ ಕಾಣುತ್ತದೆ. ಬೈಗುಳ ಮಾತ್ರ ಮನೆಯಲ್ಲಿ ಮಾಡಿದ ಸಹರಿಗೆ, ಅದನ್ನು ಮಾಡಿದವಳಿಗೆ!

ಮುಖ್ಯ ಪದಾರ್ಥ ಬಿಸಿಯಿದ್ದರೂ ಪಕ್ಕದ ತಣ್ಣನೆಯ ಪುದೀನಾ ಚಟ್ನಿ, ಹೆಚ್ಚಿಟ್ಟ ಈರುಳ್ಳಿ, ಶರಬತ್ತಿನ ಬರ್ಫು ಮೋಸ ಮಾಡುತ್ತವೆ. ಇವು ಬೆಂಕಿ ಕಂಡವಲ್ಲ. ನಿಂಬೆಹಣ್ಣನ್ನು ಕಣ್ಣೆದುರು ಕೊಯ್ಯಿಸಿಕೊಂಡು ಹಿಂಡಿಕೊಳ್ಳಿ, ಚಟ್ನಿ ಬಿಡಿ. ತಟ್ಟೆ ತೊಳೆಯುವ ಬಕೀಟಿನ ಕಡೆಯೂ ಒಮ್ಮೆ ಕಣ್ಣು ಹಾಯಿಸಿ. ಸಂಜೆಯಿಂದ ಅದೇ ನೀರಿದ್ದರೆ ಮುಂದಿನ ಬಂಡಿಗೆ ನಡೆಯಿರಿ.

ಇನ್ನು ಕಬಾಬಿನ ಬಣ್ಣ. 2024ರ ಜೂನ್‌ನಲ್ಲಿ ಕರ್ನಾಟಕ ಸರಕಾರ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಗೋಬಿ ಮಂಚೂರಿಗೆ ಅದೇ ಮಾರ್ಚ್‌ನಲ್ಲೇ ನಿಷೇಧ ಬಂದಿತ್ತು. ಬ್ಯಾಡಗಿ ಮೆಣಸಿನಕಾಯಿ ಕೊಡುವ ಕೆಂಪು ಮಂದವಾದದ್ದು. ಬೆರಳಿಗೆ ಅಂಟಿ, ಸಾಬೂನಿಗೂ ಬಗ್ಗದೆ ಉಳಿಯುವ ಕೆಂಪು ಕಂಡರೆ ಅನುಮಾನ ಪಡಿ. ಮಕ್ಕಳು ಬೇಡುವುದು ಆ ಬಣ್ಣವನ್ನೇ, ಕೊಡಿಸಬೇಡಿ. ಕಪ್ಪಾಗಿ ನೊರೆಯೇಳುವ ಎಣ್ಣೆಯಲ್ಲಿ ಕರಿದ ಸಮೋಸ, ಶಾಯಿ ಅಂಟುವ ಪತ್ರಿಕೆಯ ಕಾಗದದ ಪೊಟ್ಟಣ, ಎರಡೂ ಬೇಡ.

ಮಾಂಸ ಹಲಾಲೇ ಎಂದು ನಾವು ತಪ್ಪದೆ ಕೇಳುತ್ತೇವೆ. ಅಲ್ಲಿಗೇ ನಿಲ್ಲುತ್ತೇವೆ. ಕುರ್‌ಆನ್ ಹಲಾಲ್ ಎಂಬ ಪದದ ಜೊತೆಗೇ ತಯ್ಯಿಬ್, ಅಂದರೆ ಶುದ್ಧವಾದದ್ದು, ಒಳ್ಳೆಯದು ಎಂಬ ಪದವನ್ನೂ ಇಟ್ಟಿದೆ. ರಾತ್ರಿ ಪಾತ್ರೆಗಳನ್ನು ಮುಚ್ಚಿಡುವಂತೆ ಪ್ರವಾದಿಯವರು(ಸ) ಆದೇಶಿಸಿದ್ದು ಹದೀಸ್‌ಗಳಲ್ಲಿದೆ. ಹೆದ್ದಾರಿಯ ಧೂಳು ಹಾರುವ ಕಡೆ ಬಂಡಿ ನಿಲ್ಲಿಸುವ ಸಹೋದರರು ಇದನ್ನು ಸುನ್ನತ್ ಎಂದೇ ಪಾಲಿಸಲಿ. ಒಂದು ಮುಚ್ಚಳ, ಕೈತೊಳೆಯಲು ಸಾಬೂನು, ದುಡ್ಡು ಮುಟ್ಟುವ ಕೈ ಬೇರೆ, ಅನ್ನ ಬಡಿಸುವ ಕೈ ಬೇರೆ. ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ.

ನಮ್ಮ ಯುನಾನಿಯಲ್ಲಿ ಆರೋಗ್ಯ ನಿಂತಿರುವ ಆರು ಆಧಾರಗಳಿಗೆ ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತಾರೆ. ಅವುಗಳಲ್ಲಿ ಅನ್ನಪಾನ ಒಂದು, ನಿದ್ದೆ ಎಚ್ಚರ ಇನ್ನೊಂದು. ತಡರಾತ್ರಿಯ ಊಟ ಎರಡನ್ನೂ ಒಟ್ಟಿಗೆ ಕೆಡಿಸುತ್ತದೆ. ಹಿಂದಿನದು ಜೀರ್ಣವಾಗುವ ಮೊದಲೇ ಅದರ ಮೇಲೆ ಇನ್ನೊಂದನ್ನು ತುಂಬಬಾರದು ಎಂಬುದು ಇಬ್ನ್ ಸೀನಾರ ಕಾಲದಿಂದ ಬಂದ ಪಾಠ. ಇಫ್ತಾರಿನಲ್ಲಿ ಹೊಟ್ಟೆ ತುಂಬ ಉಂಡವರು ರಾತ್ರಿ ಒಂದು ಬಟ್ಟಲನ್ನು ಇಬ್ಬರು ಹಂಚಿಕೊಳ್ಳಿ. ತಿಂದು ಒಂದೆರಡು ತಾಸು ಮಲಗಬೇಡಿ. ಹೊಟ್ಟೆ ಭಾರವೆನಿಸಿದರೆ ಬಡೇಸೋಪು ಕುದಿಸಿದ ನೀರು ಸಾಕು. ಸಕ್ಕರೆ ಕಾಯಿಲೆಯವರಿಗೆ ಹಲೀಮ್ ತಿಂಡಿಯಲ್ಲ, ಪೂರ್ತಿ ಊಟ. ಅದನ್ನು ಊಟದ ಲೆಕ್ಕಕ್ಕೇ ಹಿಡಿಯಬೇಕು.

ಪಾರ್ಸಲ್ ಉಳಿದರೆ ಎರಡು ತಾಸಿನೊಳಗೆ ಫ್ರಿಜ್ಜಿಗೆ ಹಾಕಿ, ಸಹರಿಗೆ ಗುಳ್ಳೆಯೇಳುವಂತೆ ಕುದಿಸಿ. ಹೊರಗಿನಿಂದ ತಂದ ಅನ್ನವನ್ನಂತೂ ಇಡಲೇಬೇಡಿ.

ಇಷ್ಟೆಲ್ಲ ನೋಡಿಯೂ ವಾಂತಿ ಭೇದಿ ಹತ್ತಿದರೆ ಮೊದಲ ಔಷಧ ಓಆರ್‌ಎಸ್. ಪುಡಿ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ರೋಝಾ ಇದ್ದವರು ಮುರಿಯಲು ಹಿಂಜರಿಯಬೇಡಿ. ರೋಗಿಗೆ ಬೇರೆ ದಿನಗಳಲ್ಲಿ ಖಝಾ ಮಾಡುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ. ಮಗುವಿನ ಕಣ್ಣು ಗುಳಿ ಬಿದ್ದರೆ, ಆರು ತಾಸು ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿಸಿದ್ದೆಲ್ಲ ವಾಂತಿಯಾದರೆ, ಮಗು ಮಂಕಾದರೆ, ಅರಖ್ ಚೂರ್ಣ ಎಂದು ನನ್ನಂಥ ಹಕೀಮರ ಬಾಗಿಲಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಿರಿ. ಗರ್ಭಿಣಿಯರ, ವೃದ್ಧರ ವಿಷಯದಲ್ಲೂ ಹಾಗೆಯೇ. ರಾತ್ರಿ ಎರಡಾದರೂ ಸರಿ, ಬೆಳಗಾಗಲಿ ಎಂದು ಕಾಯಬೇಡಿ.