ವಿಟಮಿನ್ ಮಾತ್ರೆ ಫ್ರಿಜ್‌ನಲ್ಲಿಟ್ಟರೆ ಹೆಚ್ಚು ದಿನ ಬಾಳುತ್ತದೆಯೇ?

ತಂಪಾಗಿರುವುದರಿಂದ ಫ್ರಿಜ್ಜೇ ಸುರಕ್ಷಿತ ಎಂಬ ನಂಬಿಕೆ ಹಲವರದು. ಆದರೆ ವಿಟಮಿನ್ ಮಾತ್ರೆಗಳಿಗೆ ಬಿಸಿಯಷ್ಟೇ ದೊಡ್ಡ ಶತ್ರು ತೇವ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಡಬ್ಬಿಯ ಮುಚ್ಚಳ ತೆರೆದಾಗ ಹೊರಗಿನ ಗಾಳಿಯ ತೇವಾಂಶ ಒಳಗೆ ಹನಿಗಟ್ಟಬಹುದು. ದಿನವೂ ಹೀಗಾದರೆ ಸಿ ಮತ್ತು ಕೆಲವು ಬಿ ವಿಟಮಿನ್‌ಗಳು ಬೇಗ ಸತ್ವ ಕಳೆದುಕೊಳ್ಳುತ್ತವೆ. ಸಿ ವಿಟಮಿನ್ ಮಾತ್ರೆಯ ಮೇಲೆ ಮೂಡುವ ಕಂದು ಚುಕ್ಕೆ ಇದರದೇ ಗುರುತು. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನವರು ಇನ್ನಷ್ಟು ಎಚ್ಚರ ವಹಿಸಬೇಕು.

ಒಲೆಯ ಪಕ್ಕ, ಬಚ್ಚಲುಮನೆ ಬೇಡ. ಮಲಗುವ ಕೋಣೆಯ ಬೀರು ಸಾಕು. ಅಂದದ ಗಾಜಿನ ಡಬ್ಬಿಗೆ ಸುರಿಯಬೇಡಿ. ಮೂಲ ಬಾಟಲಿಯ ಕಂದು ಬಣ್ಣ ಬೆಳಕನ್ನು ತಡೆಯುತ್ತದೆ, ಒಳಗಿನ ಸಿಲಿಕಾ ಜೆಲ್ ಪೊಟ್ಟಣ (ಎಸೆಯುವವರೇ ಹೆಚ್ಚು!) ತೇವ ಹೀರುತ್ತದೆ. ಕೆಲವು ಪ್ರೊಬಯಾಟಿಕ್‌ಗಳಿಗೆ ಫ್ರಿಜ್ ಬೇಕು, ಲೇಬಲ್ ನೋಡಿ.

ಹಳೆಯ ವಿಟಮಿನ್ ಸಾಮಾನ್ಯವಾಗಿ ವಿಷವಾಗುವುದಿಲ್ಲ, ನಿಷ್ಪ್ರಯೋಜಕವಾಗುತ್ತದಷ್ಟೇ. ನಿಜವಾದ ಅಪಾಯವಿರುವುದು ಅದರ ಜೊತೆಗೇ ಇಡುವ ಕಬ್ಬಿಣಾಂಶದ ಮಾತ್ರೆಗಳಲ್ಲಿ. ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯನ್ನು ಪುಟ್ಟ ಮಕ್ಕಳು ಮಿಠಾಯಿಯೆಂದು ನಾಲ್ಕಾರು ನುಂಗಿದರೆ ಜೀವಕ್ಕೇ ಕುತ್ತು. ಆದ್ದರಿಂದ ಬೀರುವಿಗೆ ಬೀಗವಿರಲಿ. ನುಂಗಿದ್ದು ತಿಳಿದರೆ ವಾಂತಿ ಮಾಡಿಸುತ್ತಾ ಕೂರಬೇಡಿ. ಮಗು ಚೆನ್ನಾಗಿರುವಂತೆ ಕಂಡರೂ ಸ್ಟ್ರಿಪ್ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.