ಹೊಟ್ಟೆ ತುಂಬಿದ ಬೆಕ್ಕೂ ಬೇಟೆಗೆ ಹೋಗುತ್ತದೆ

ಸಿಂಧನೂರು ಭತ್ತದ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಸೋನಾ ಮಸೂರಿ, ಗದ್ದೆಯ ಬದುವಿನಲ್ಲೆಲ್ಲ ಇಲಿಯ ಬಿಲ. ಮಸ್ಕಿ, ಲಿಂಗಸುಗೂರು ಕಡೆಯ ಜೋಳ, ತೊಗರಿ, ಕಡಲೆಯ ಹೊಲಗಳಲ್ಲೂ ಕಣದಿಂದ ಮನೆಯ ಕೋಣೆಯವರೆಗೆ ಇಲಿಗಳದೇ ಕಾರುಬಾರು. ಹೀಗಾಗಿ ಬೆಕ್ಕು ಇಲ್ಲಿ ದುಡ್ಡು ಕೊಟ್ಟು ತರುವ ಪ್ರಾಣಿಯಲ್ಲ. ಅಕ್ಕಿ ಗಿರಣಿಯ ಚೀಲಗಳ ಸಂದಿಯಲ್ಲಿ ಸಿಕ್ಕ ಮರಿಯೋ, ಮಳೆಯಲ್ಲಿ ತೊಯ್ದು ಬಾಗಿಲಿಗೆ ಬಂದದ್ದೋ, ಪಕ್ಕದ ಮನೆಯವರು ಕೊಟ್ಟದ್ದೋ ಮನೆ ಸೇರುತ್ತದೆ. ಹಗಲೆಲ್ಲ ಅಡುಗೆಮನೆಯ ಮೂಲೆಯಲ್ಲಿ ನಿದ್ದೆ. ಹೊತ್ತು ಮುಳುಗಿತೆಂದರೆ ಮಾಳಿಗೆ, ಬಣವಿ, ಹಿತ್ತಲು. ಇಂಥ ತಿರುಗಾಡಿ ಬೆಕ್ಕುಗಳ ಬಗ್ಗೆ ನಂಬಿಕೆಗಳಿಗೆ ಬರವಿಲ್ಲ. ಕೆಲವು ನಕ್ಕು ಬಿಡುವಂಥವು. ಕೆಲವು ಬೆಕ್ಕಿನ ಜೀವಕ್ಕೆ, ಇನ್ನು ಕೆಲವು ಮನೆಯವರ ಜೀವಕ್ಕೇ ಎರವಾಗುವಂಥವು.

ತಪ್ಪು ಕಲ್ಪನೆ: "ಹೊಟ್ಟಿ ತುಂಬ ಹಾಕಿದ್ರ ಬೆಕ್ಕು ಇಲಿ ಹಿಡಿಯಂಗಿಲ್ಲ."

ಸತ್ಯ: ಈ ನಂಬಿಕೆಯಿಂದಾಗಿ ಎಷ್ಟೋ ಮನೆಗಳಲ್ಲಿ ಬೆಕ್ಕನ್ನು ಬೇಕೆಂದೇ ಅರೆಹೊಟ್ಟೆಯಲ್ಲಿ ಇಡುತ್ತಾರೆ. ಆದರೆ ಬೆಕ್ಕಿನ ಬೇಟೆಗೆ ಹಸಿವೊಂದೇ ಕಾರಣವಲ್ಲ. ಬಣವಿಯ ಬುಡದಲ್ಲಿ ಕೂತ ಬೆಕ್ಕನ್ನು ಗಮನಿಸಿ. ಹುಲ್ಲು ಸರಕ್ಕೆಂದರೆ ಸಾಕು, ಕಿವಿ ಅತ್ತ ತಿರುಗುತ್ತದೆ. ಹೊಟ್ಟೆ ನೆಲಕ್ಕೆ ಹತ್ತುತ್ತದೆ, ಬಾಲದ ತುದಿ ಮಾತ್ರ ಅಲುಗುತ್ತದೆ, ಹಿಂಗಾಲು ಎರಡು ಸಲ ತುಳಿದು ಒಮ್ಮೆಲೇ ನೆಗೆಯುತ್ತದೆ. ಈಗಷ್ಟೇ ಉಂಡು ಬಂದ ಬೆಕ್ಕೂ ಇದನ್ನೇ ಮಾಡುತ್ತದೆ. ಸಣ್ಣ ಬೇಟೆಯನ್ನು ನಂಬಿದ ಪ್ರಾಣಿಗೆ ಹತ್ತಾರು ಪ್ರಯತ್ನಗಳು ವ್ಯರ್ಥವಾಗುತ್ತವೆ. ಹಸಿವಾದ ಮೇಲೆ ಹೊರಟರಾಯಿತು ಎಂದು ಕೂತರೆ ಅದು ಬದುಕುವುದಿಲ್ಲ. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಎನ್ನುತ್ತೇವೆ. ಆ ಚೆಲ್ಲಾಟದಲ್ಲೂ ಲೆಕ್ಕಾಚಾರವಿದೆ: ಇಲಿ ತಿರುಗಿ ಕಚ್ಚದಷ್ಟು ದಣಿಯಲಿ ಎಂದು ಬೆಕ್ಕು ಅದನ್ನು ಬಿಟ್ಟು ಹಿಡಿಯುತ್ತದೆ.

ಉಪವಾಸ ಕೆಡವಿದ ಬೆಕ್ಕು ಹೆಚ್ಚು ದೂರ ಹೋಗುತ್ತದೆ, ರಸ್ತೆ ದಾಟುತ್ತದೆ, ಸಿಕ್ಕಿದ್ದನ್ನು ತಿನ್ನುತ್ತದೆ. ಅದರಿಂದ ಕಳ್ಳತನ ಹೆಚ್ಚುತ್ತದೆಯೇ ಹೊರತು ಇಲಿ ಹಿಡಿಯುವ ಕೈಚಳಕವಲ್ಲ.

ತಪ್ಪು ಕಲ್ಪನೆ: "ಬೆಕ್ಕಿಗೆ ಹಾಲು-ರೊಟ್ಟಿ ಸಾಕು."

ಸತ್ಯ: ತೆನಾಲಿ ರಾಮಕೃಷ್ಣನ ಕಥೆ ನೆನಪಿರಬೇಕು. ಇಲಿಗಳ ಕಾಟಕ್ಕೆಂದು ಕೃಷ್ಣದೇವರಾಯ ಮನೆಮನೆಗೆ ಬೆಕ್ಕು ಹಂಚಿ, ಅದರ ಹಾಲಿಗೆಂದು ಹಸುವನ್ನೂ ಕೊಟ್ಟ. ತೆನಾಲಿಯ ಬೆಕ್ಕು ಮಾತ್ರ ಹಾಲು ಕಂಡರೆ ಓಡುತ್ತಿತ್ತು. ಕಥೆಯಲ್ಲಿ ಅದು ತಮಾಷೆ. ಆದರೆ ಬೆಳೆದ ಬಹುಪಾಲು ಬೆಕ್ಕುಗಳಿಗೆ ಹಾಲಿನ ಲ್ಯಾಕ್ಟೋಸ್ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ.

ಜೋಳದ ರೊಟ್ಟಿಯಲ್ಲಿ ಇಲ್ಲದ ಒಂದು ಪೋಷಕಾಂಶ ಬೆಕ್ಕಿಗೆ ಬೇಕೇ ಬೇಕು. ಅದು ಟಾರಿನ್; ಮಾಂಸ, ಮೀನಿನಲ್ಲಿ ಸಿಗುತ್ತದೆ. ಅದು ಸಾಲದಾದರೆ ಕಣ್ಣು ಮಂಜಾಗುತ್ತದೆ, ಹೃದಯ ಸೊರಗುತ್ತದೆ. ಹಾಗಾದರೆ ನಮ್ಮ ಓಣಿಯ ಬೆಕ್ಕುಗಳು ಇಷ್ಟು ವರ್ಷ ಹಾಲು-ರೊಟ್ಟಿಯಲ್ಲೇ ಬದುಕಿದ್ದು ಹೇಗೆ? ಬದುಕಿಸಿದ್ದು ರೊಟ್ಟಿಯಲ್ಲ, ಹೊರಗೆ ಹಿಡಿದು ತಿಂದ ಇಲಿ. ಅದೇ ಬೆಕ್ಕನ್ನು ಮನೆಯೊಳಗೇ ಕಟ್ಟಿಹಾಕಿ ರೊಟ್ಟಿ ಮಾತ್ರ ಕೊಟ್ಟರೆ ಸೊರಗುವುದು ಖಂಡಿತ.

1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಸಿಕ್ಕ ಶಾಸನದಿಂದ ದೇವಾನಾಂಪ್ರಿಯನೇ ಅಶೋಕ ಎಂಬುದು ಖಚಿತವಾಯಿತು. ಅದೇ ಅಶೋಕ ತನ್ನ ಐದನೇ ಸ್ತಂಭಶಾಸನದಲ್ಲಿ ಜೀವಿಗೆ ಜೀವಿಯನ್ನು ಉಣಿಸಬಾರದು ಎಂದಿದ್ದಾನೆ. ಬೆಕ್ಕಿನ ಮಟ್ಟಿಗೆ ಈ ಧರ್ಮ ನಡೆಯದು. ಮಾಂಸ ಬೇಯಿಸದ ಮನೆಯವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರವನ್ನು ದಿನವೂ ಕೊಡಬಹುದು. ಅದಕ್ಕೆ ಟಾರಿನ್ ಬೆರೆಸಿರುತ್ತಾರೆ.

ತಪ್ಪು ಕಲ್ಪನೆ: "ಮನ್ಯಾಗ ಒಂದು ಬೆಕ್ಕಿದ್ರ ಇಲಿ ಕಾಟ ತಪ್ಪಿತು."

ಸತ್ಯ: ಸುಂಡಿಲಿ, ಮರಿ ಇಲಿಗಳ ಮಟ್ಟಿಗೆ ನಿಜ. ಹೆಗ್ಗಣದ ಮುಂದೆ ಹೆಚ್ಚಿನ ಬೆಕ್ಕುಗಳು ಹಿಂಜರಿಯುತ್ತವೆ. ನ್ಯೂಯಾರ್ಕಿನ ಕಸ ವಿಂಗಡಣಾ ಘಟಕವೊಂದರಲ್ಲಿ ಕ್ಯಾಮೆರಾ ಇಟ್ಟು 79 ದಿನ ನೋಡಿದಾಗ ಅಲ್ಲಿನ ಬೆಕ್ಕುಗಳು ಕೊಂದದ್ದು ಎರಡೇ ಇಲಿ. ಬೆಕ್ಕುಗಳಿದ್ದಾಗ ಇಲಿಗಳು ಅಡಗಿದ್ದವು, ಅಷ್ಟೆ. ಚೀಲಗಳನ್ನು ಗೋಡೆಯಿಂದ ದೂರ, ಹಲಗೆಯ ಮೇಲೆ ಒಟ್ಟುವುದು, ಬಿಲ ಮುಚ್ಚುವುದು, ಚೆಲ್ಲಿದ ಕಾಳು ಗುಡಿಸುವುದು ನಮ್ಮದೇ ಕೆಲಸ.

ಬೆಕ್ಕೂ ಇರಲಿ, ಇಲಿ ಪಾಷಾಣವೂ ಇರಲಿ ಎನ್ನುವುದು ಅಪಾಯ. ಬ್ರೋಮಾಡಿಯೋಲೋನ್ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡಿ, ಬೆಕ್ಕಿಗೆ ಸುಲಭದ ತುತ್ತಾಗುತ್ತದೆ. ಆ ವಿಷ ಬೆಕ್ಕಿನ ರಕ್ತವನ್ನೂ ಹೆಪ್ಪುಗಟ್ಟದಂತೆ ಮಾಡುತ್ತದೆ. ಜಿಂಕ್ ಫಾಸ್ಫೈಡ್ ಬೆರೆಸಿದ ಉಂಡೆಯನ್ನು ಬೆಕ್ಕು ನೇರವಾಗಿ ತಿಂದರಂತೂ ಉಳಿಯುವುದು ಕಷ್ಟ. ಗದ್ದೆಗೆ ಎಣ್ಣೆ ಹೊಡೆದ ದಿನ ಬೆಕ್ಕನ್ನು ಒಳಗಿಡಿ. ಅಂಗಾಲಿಗೆ ಹತ್ತಿದ್ದನ್ನೆಲ್ಲ ಅದು ನೆಕ್ಕಿಕೊಳ್ಳುತ್ತದೆ.

ತಪ್ಪು ಕಲ್ಪನೆ: "ಬೆಕ್ಕು ಹಿಡಿಯೋದು ಇಲಿ ಮಾತ್ರ."

ಸತ್ಯ: ಗುಬ್ಬಿ, ಓತಿಕ್ಯಾತ, ಹಾವುರಾಣಿ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮರಿ, ಯಾವುದನ್ನೂ ಬೆಕ್ಕು ಬಿಡುವುದಿಲ್ಲ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಅಂದಾಜು ಹೇಳಿತು. ಬೆಕ್ಕಿಗೆ ಗಂಟೆ ಕಟ್ಟಿದರೆ? ಬೇಟೆ ತಗ್ಗಿದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಕೆಲವುಗಳಲ್ಲಿ ಕಂಡಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ಫಲ ಕೊಟ್ಟದ್ದು ಮಾಂಸ ಹೆಚ್ಚಿರುವ ಆಹಾರ: ಬೆಕ್ಕುಗಳು ಮನೆಗೆ ತರುವ ಬೇಟೆ 36% ಇಳಿಯಿತು. ದಿನಕ್ಕೆ 5ರಿಂದ 10 ನಿಮಿಷ ಆಟವಾಡಿಸಿದ್ದಕ್ಕೆ 25% ಇಳಿಯಿತು. ಕೋಲಿಗೆ ದಾರ, ದಾರಕ್ಕೆ ಬಟ್ಟೆಯ ಚೂರು ಕಟ್ಟಿ ಎಳೆದರೆ ಸಾಕು.

ತಪ್ಪು ಕಲ್ಪನೆ: "ಬೆಕ್ಕಿದ್ದ ಮನಿಗೆ ಹಾವು ಬರಂಗಿಲ್ಲ."

ಸತ್ಯ: ಇಲಿ ಇರುವಲ್ಲಿಗೆ ಹಾವು ಬರುತ್ತದೆ. ಬೆಕ್ಕು ಹಾವನ್ನು ಕೆಣಕುತ್ತದೆ, ಕೆಲವೊಮ್ಮೆ ಅರೆಜೀವದ ಹಾವನ್ನು ಕಚ್ಚಿಕೊಂಡು ಪಡಸಾಲೆಗೇ ತರುತ್ತದೆ. ನಾಗರ, ಕೊಳಕುಮಂಡಲದ ವಿಷ ಬೆಕ್ಕಿಗೂ ಏರುತ್ತದೆ. ಕತ್ತಲಾಗುವ ಮುಂಚೆ ಒಳಗೆ ಕರೆದುಕೊಂಡರೆ ಹಾವು, ಬೀದಿನಾಯಿ, ಲಾರಿ ಮೂರರಿಂದಲೂ ಉಳಿಯುತ್ತದೆ. ರಾತ್ರಿಯೂಟವನ್ನು ಆ ಹೊತ್ತಿಗೇ ಇಟ್ಟರೆ ಕೆಲವೇ ದಿನಗಳಲ್ಲಿ ತಾನೇ ಬರಲು ಕಲಿಯುತ್ತದೆ.

ತಪ್ಪು ಕಲ್ಪನೆ: "ಆಪರೇಷನ್ ಮಾಡಿಸಿದ್ರ ಬೆಕ್ಕು ಸೋಮಾರಿ ಆಗತೈತಿ."

ಸತ್ಯ: ಸಂತಾನಹರಣದಿಂದ ಗಂಡುಬೆಕ್ಕಿನ ಜಗಳ, ಅಲೆದಾಟ, ಗೋಡೆಗೆ ಉಚ್ಚೆ ಸಿಡಿಸುವುದು ತಗ್ಗುತ್ತವೆ, ಬೇಟೆಯ ಬುದ್ಧಿ ಹೋಗುವುದಿಲ್ಲ. ಒಮ್ಮೆಯಾದರೂ ಮರಿ ಹಾಕಲಿ ಎಂಬ ಮಾತಿಗೂ ಆರೋಗ್ಯದ ಆಧಾರವಿಲ್ಲ. ಐದಾರು ತಿಂಗಳಿಗೇ ಬೆಕ್ಕು ಗಬ್ಬವಾಗಬಲ್ಲದು, ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ.

ತಪ್ಪು ಕಲ್ಪನೆ: "ಮನಿ ಬೆಕ್ಕು ಪರಚಿದ್ರ ಏನಾಗಂಗಿಲ್ಲ, ಅರಿಶಿಣ ಹಚ್ಚು."

ಸತ್ಯ: ಹೊರಗೆ ತಿರುಗುವ ಬೆಕ್ಕಿಗೆ ಬೀದಿನಾಯಿಯಿಂದ ರೇಬೀಸ್ ತಗಲಬಹುದು. ರೋಗಲಕ್ಷಣ ಕಂಡ ಮೇಲೆ ರೇಬೀಸ್‌ಗೆ ಚಿಕಿತ್ಸೆ ಇಲ್ಲವೆಂದೇ ತಿಳಿಯಬೇಕು. ಬೆಕ್ಕು ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಶಿಣ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ, ಎಲ್ಲ ಡೋಸ್ ಮುಗಿಸಿ. ಬೆಕ್ಕಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಮುಂದೆ ಪಶುವೈದ್ಯರು ಹೇಳಿದ ಹಾಗೆ ಮತ್ತೆ. ಬೆಕ್ಕಿಗೆ ಜ್ವರ ಎಂದು ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ. ಒಂದು ಮಾತ್ರೆಯೂ ಅದನ್ನು ಕೊಲ್ಲಬಲ್ಲದು.

ತಪ್ಪು ಕಲ್ಪನೆ: "ಬೆಕ್ಕು ಕೊಂದ್ರ ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಹೋಗಬೇಕು. ಅದಕ್ಕ ಕೊಲ್ಲಬ್ಯಾಡ, ಚೀಲದಾಗ ಹಾಕಿ ಊರ ಹೊರಗ ಬಿಟ್ಟು ಬಾ."

ಸತ್ಯ: ಹಟ್ಟಿಯ ಚಿನ್ನದ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲೇ ಇದ್ದರೂ ಬಂಗಾರದ ಬೆಕ್ಕು ಮಾಡಿಸುವಷ್ಟು ಸ್ಥಿತಿವಂತರು ಎಷ್ಟು ಮಂದಿ? ಅದಕ್ಕೇ ಪಾಪ ತಗಲದ ಉಪಾಯವಾಗಿ ಚೀಲ ಬಂತು. ಆದರೆ ಸಾಕಿದ ಬೆಕ್ಕಿಗೆ ಗೊತ್ತಿರುವ ಲೋಕ ಚಿಕ್ಕದು. ಆರು ದೇಶಗಳ 925 ಸಾಕುಬೆಕ್ಕುಗಳಿಗೆ ಜಿಪಿಎಸ್ ಕಟ್ಟಿ ನೋಡಿದ ಅಧ್ಯಯನದಲ್ಲಿ ಹೆಚ್ಚಿನವು ಮನೆಯ 100 ಮೀಟರ್ ಒಳಗೇ ಸುತ್ತುತ್ತಿದ್ದವು. ಕಾಲುವೆಯಾಚೆ ಬಿಟ್ಟ ಬೆಕ್ಕು ನೀರು, ಮರೆ, ದಾರಿ ಯಾವುದೂ ತಿಳಿಯದೆ ನಾಯಿಗೋ ಹಸಿವಿಗೋ ಬಲಿಯಾಗುತ್ತದೆ. ಸಾಕುಪ್ರಾಣಿಯನ್ನು ಹಸಿವು, ಬಾಯಾರಿಕೆಯಲ್ಲಿ ನರಳುವಂತೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ವಿಷವಿಕ್ಕಿ ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಜೈಲಾಗಬಹುದು.

ಹೊಸದಾಗಿ ಮರಿ ತಂದವರು ಮೊದಲ ಎರಡು ಮೂರು ವಾರ ಅದನ್ನು ಹೊರಗೆ ಬಿಡಬೇಡಿ. ಮನೆ ತನ್ನದೆಂದು ಅದಕ್ಕೆ ತಿಳಿಯಲಿ. ಹೊಟ್ಟೆ ತುಂಬ ಉಣಿಸಿ, ಲಸಿಕೆ ಹಾಕಿಸಿ, ಆಪರೇಷನ್ ಮಾಡಿಸಿ, ಕತ್ತಲಾದರೆ ಒಳಗೆ ಕರೆಯಿರಿ. ಇಷ್ಟಾದ ಮೇಲೂ ಅದು ಇಲಿ ಹಿಡಿಯುತ್ತದೆ. ಸಾಕಲು ಆಗದಿದ್ದರೆ ಸಾಕುವವರ ಕೈಗೆ ಕೊಡಿ, ಚೀಲಕ್ಕೆ ಹಾಕಬೇಡಿ.